ಇಳಿಸದೆ ಬಿಟ್ಟ ಸೊನ್ನೆ

ನನ್ನ ಅಕ್ಕ ಗೌರಮ್ಮನ ಕೈ ಮೊರದಲ್ಲಿ ರಾಗಿ ಕೇರುತ್ತಿದ್ದರೂ ಮನಸ್ಸು ಅಂಕಿಗಳನ್ನು ಕೇರುತ್ತಿತ್ತು ಎಂದರೆ ಗೆಳೆಯರೇ, ನೀವು ನಗಬಹುದು. ಹೊನ್ನೂರಿನ ನಮ್ಮ ಮನೆಯಲ್ಲಿ ಅವಳನ್ನು ಮೂರನೆಯ ತರಗತಿಗೇ ಬಿಡಿಸಿ, ಚಿಕ್ಕವಳಾದ ನನ್ನನ್ನು ಮಾತ್ರ ಯಳಂದೂರಿನ ಶಾಲೆಗೆ ಕಳಿಸಿದ್ದರು. ನಾನು ಕಲಿತದ್ದನ್ನೆಲ್ಲ ಅವಳು ಸಂಜೆ ಜಗಲಿಯಲ್ಲಿ ಕೇಳಿ ಕೇಳಿ ತನ್ನದಾಗಿಸಿಕೊಳ್ಳುತ್ತಿದ್ದಳು. ದೊಡ್ಡ ಸಂಖ್ಯೆಯೊಂದು ಹನ್ನೊಂದರಿಂದ ಭಾಗವಾಗುವುದೋ ಇಲ್ಲವೋ ಎಂದು ಭಾಗಾಕಾರ ಮಾಡದೆಯೇ ತಿಳಿಯುವ ಉಪಾಯ ಅವಳಿಗೆ ದಕ್ಕಿದ್ದು ಹಾಗೆ: ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಬೇಕು, ಬಿಟ್ಟವನ್ನು ಬೇರೆಯಾಗಿ ಕೂಡಬೇಕು, ಎರಡು ಮೊತ್ತಗಳ ವ್ಯತ್ಯಾಸ ಸೊನ್ನೆಯೋ ಹನ್ನೊಂದರ ಮಗ್ಗಿಯ ಸಂಖ್ಯೆಯೋ ಆದರೆ ಶೇಷವಿಲ್ಲ.

ಆಗ ಮದರಾಸಿನ ಆಡಳಿತದಲ್ಲಿದ್ದ ಕೊಳ್ಳೇಗಾಲದಿಂದ ಅವಳನ್ನು ನೋಡಲು ಬಂದರು. ಹುಡುಗನ ತಂದೆ ರೇಷ್ಮೆ ವ್ಯಾಪಾರಿ, ಲೆಕ್ಕದಲ್ಲಿ ತನ್ನನ್ನು ಮೀರಿಸುವವರಿಲ್ಲವೆಂಬ ಹೆಮ್ಮೆಯವರು. ಉಪ್ಪಿಟ್ಟು ತಿಂದು ಕೈ ತೊಳೆದು, ನನ್ನ ಸ್ಲೇಟು ತರಿಸಿಕೊಂಡು ೯೧೮೦೮೨ ಎಂದು ಬರೆದರು. ಹನ್ನೊಂದರಿಂದ ಭಾಗಿಸು ಎಂದು ಬಳಪ ಚಾಚಿದರೆ ಅಕ್ಕ ಅದನ್ನು ಮುಟ್ಟಲಿಲ್ಲ. ಒಂದು ಕಡೆ ಇಪ್ಪತ್ತೈದು, ಇನ್ನೊಂದು ಕಡೆ ಮೂರು, ವ್ಯತ್ಯಾಸ ಇಪ್ಪತ್ತೆರಡು ಎಂದು ಅವಳ ತುಟಿ ಅಲುಗಿದ್ದು ನನಗಷ್ಟೇ ಕಂಡಿತು.

"ಪೂರ್ತಿ ಓಯ್ತದೆ. ಏನೂ ಉಳಿಯಲ್ಲ" ಎಂದಳು.

ಅವರು ನಕ್ಕು, ತಾವೇ ಸಾಲು ಸಾಲಾಗಿ ಭಾಗಿಸುತ್ತ ಬಂದರು. ಕೊನೆಗೆ ಹತ್ತು ಉಳಿಯಿತು. "ನೋಡವ್ವ, ಹತ್ತು ಉಳಿತು" ಎಂದು ಸ್ಲೇಟು ತಿರುಗಿಸಿದರು.

ಅಕ್ಕ ತಲೆ ಬಗ್ಗಿಸಿಯೇ ನೋಡಿದಳು. "ಮಧ್ಯದ ಸೊನ್ನೆ ಇಳಿಸ್ದೆ ಬುಟ್ಟಿದ್ದೀರಿ, ಸೋಮಿ."

ಅವರು ಸ್ಲೇಟನ್ನು ಮತ್ತೆ ನೋಡಲಿಲ್ಲ; ನನ್ನತ್ತ ತಿರುಗಿದರು. "ನೀನು ಇಸ್ಕೂಲ್ಗೋಯ್ತೀಯಲ್ಲ, ನೀನೇಳವ್ವ. ಯಾರ್ದು ಸರಿ?"

ಬಿಟ್ಟುಹೋದ ಸೊನ್ನೆ ನನಗೂ ಕಂಡಿತ್ತು. ಅಪ್ಪನ ಕಣ್ಣೂ ಕಂಡಿತು. "ನಂಗೆ ಗೊತ್ತಾಗಲ್ಲ" ಎಂದುಬಿಟ್ಟೆ. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಕೋಪವಿರಲಿಲ್ಲ, ನನ್ನ ಗುರುತು ಸಿಗದವಳಂತೆ ನೋಡಿದಳು.

ಸಂಬಂಧ ಮುರಿಯಿತು. ಹೆಣ್ಣಿಗೆ ಎದುರು ಮಾತಾಡುವ ಚಾಳಿ ಎಂಬ ಸುದ್ದಿ ಅಗರದವರೆಗೂ ಹಬ್ಬಿ, ಎರಡು ವರ್ಷ ಯಾರೂ ಬಾಗಿಲಿಗೆ ಬರಲಿಲ್ಲ. ಕೊನೆಗೆ ಕಾಡಿನಂಚಿನ ಗೋಪಿನಾಥಂನಲ್ಲಿ ಒಕ್ಕಲುತನ ಮಾಡಿಕೊಂಡಿದ್ದ, ಹೆಂಡತಿ ತೀರಿಕೊಂಡ ನಡುವಯಸ್ಸಿನವನೊಬ್ಬನಿಗೆ ಅವಳನ್ನು ಕೊಟ್ಟರು. ಅವನು ಕೆಟ್ಟವನಲ್ಲ, ಮಾತಿನವನೂ ಅಲ್ಲ. ಇತ್ತ ನಾನು ಓದಿ ಶಾಲೆಯ ಉಪಾಧ್ಯಾಯಿನಿಯಾದೆ. ಅದೇ ಉಪಾಯವನ್ನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದೆ, ಬರೆದಾಗಲೆಲ್ಲ ಬೆನ್ನ ಹಿಂದಿನ ಮಕ್ಕಳ ಕಡೆ ತಿರುಗಲು ತಡವಾಗುತ್ತಿತ್ತು. ಶೇಷ ಉಳಿಯುವುದೋ ಇಲ್ಲವೋ ಎಂಬುದನ್ನಷ್ಟೇ ಹೇಳಬಲ್ಲ ಈ ಜಾಣ್ಮೆ, ಆಡದೆ ಉಳಿದ ಒಂದು ಮಾತು ಮನುಷ್ಯರೊಳಗೆ ಎಷ್ಟು ಕಾಲ ಉಳಿಯುತ್ತದೆಂದು ಹೇಳಲಾರದು.

ಹಲವು ವರ್ಷಗಳ ಮೇಲೆ, ಅವಳ ಕ್ಷಮೆ ಕೇಳಲೆಂದೇ ಹನೂರು ದಾಟಿ, ಒಂದಿಷ್ಟು ದೂರ ಗಾಡಿಯಲ್ಲಿ, ಉಳಿದದ್ದನ್ನು ನಡೆದು ಗೋಪಿನಾಥಂ ಸೇರಿದೆ. ಅಕ್ಕ ಸೊರಗಿದ್ದಳು. ಬಾಗಿಲಲ್ಲಿ ಅವಳ ಮಗಳು ಸ್ಲೇಟಿನ ತುಂಬ ಹನ್ನೊಂದರ ಭಾಗಾಕಾರ ಮಾಡುತ್ತಿದ್ದಳು.

"ಆ ಸುಲಭದ್ದು ಯೇಳ್ಕೊಡಲಿಲ್ವೇನಕ್ಕ?" ಎಂದೆ.

"ಬ್ಯಾಡ ಕನವ್ವ, ಉದ್ದಕ್ಕೇ ಮಾಡ್ಲಿ" ಎಂದಳು ಅಕ್ಕ, ಸೌದೆ ಒಲೆಗೆ ತಳ್ಳುತ್ತ. "ಉದ್ದಕ್ಕೆ ಬರೆದ್ರೆ ಎಲ್ಲಾರ್ಗೂ ಕಾಣ್ತದೆ. ಇನ್ನೊಬ್ರು ಸಾಕ್ಷಿ ಯೇಳ್ಬೇಕಾಗಿಲ್ಲ."

ಕ್ಷಮೆ ಕೇಳಲೆಂದು ಬಂದ ನಾನು, ಮಗು ಬರೆದುದನ್ನು ತಿದ್ದುವ ನೆಪದಲ್ಲಿ ತಲೆ ತಗ್ಗಿಸಿ ಕುಳಿತೆ. ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.