ಮಗ್ಗ ನಿಂತ ಮನೆಗೆ ಬಂದ ಹಕ್ಕಿಗಳು

ಅಪ್ಪ ಆ ಪಂಜರವನ್ನು ಮುರಗೋಡದಿಂದ ತೊಡೆಯ ಮೇಲಿಟ್ಟುಕೊಂಡು, ಮೇಲೆ ತನ್ನ ಟವೆಲ್ಲು ಹೊದಿಸಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ತಂದಿದ್ದ. ಒಳಗೆ ಎರಡು ಲವ್ ಬರ್ಡ್ಸ್, ಒಂದು ಹಸಿರು, ಒಂದು ಹಳದಿ. ಇವಕ್ಕೂ ಅರ್ಧ ಟಿಕೀಟು ತಗೋರಿ ಎಂದು ಕಂಡಕ್ಟರು ಚೇಷ್ಟೆ ಮಾಡಿದನಂತೆ. ಅದನ್ನು ಹೇಳಿ ಅಪ್ಪ ನಮ್ಮನ್ನು ನಗಿಸಲು ನೋಡಿದ. ಅವ್ವ ನಗಲಿಲ್ಲ. ನನಗಂತೂ ಮೈಯೆಲ್ಲ ಉರಿಯಿತು. ಮಗ ಹೋಗಿ ಐದು ತಿಂಗಳಾಗಿಲ್ಲ, ಈ ಮನುಷ್ಯ ಹಕ್ಕಿ ತಂದಿದ್ದಾನಲ್ಲ!

ಅಣ್ಣ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಅಪ್ಪನ ಮೊಣಕಾಲು ಸೋತ ಮೇಲೆ ಪಡಸಾಲೆಯ ನೆಲದ ತಗ್ಗಿನಲ್ಲಿ ಹೂಡಿದ ಕುಣಿಮಗ್ಗ ಅವನದಾಗಿತ್ತು. ನೇಕಾರರ ಮನೆಗಳೆಲ್ಲ ಊರಿನ ಇನ್ನೊಂದು ಮಗ್ಗುಲಿಗೆ. ನಮ್ಮ ಓಣಿಯಲ್ಲಿ ಮಗ್ಗವಿದ್ದದ್ದು ನಮ್ಮ ಮನೆಯೊಂದರಲ್ಲೇ. ಬೆಳಗಿನಿಂದ ಅದರ ಖಟ್-ಪಟ್ ನಡೆದೇ ಇರುತ್ತಿತ್ತು. ಮಧ್ಯಾಹ್ನ ಅವ್ವ ಅಡುಗೆಮನೆಯಿಂದ ದಿನಾಲೂ ಒಂದೇ ಮಾತು ಕೂಗುತ್ತಿದ್ದಳು: "ಏಳಪಾ, ರೊಟ್ಟಿ ಆರತಾವು." ಇನ್ನೆರಡು ಬೆರಳು ನೇಯ್ದು ಅಣ್ಣ ಏಳುತ್ತಿದ್ದ. ನನ್ನ ಪಾಲಿನ ಕೆಲಸವೆಂದರೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವುದು, ಅದನ್ನೂ ಗೊಣಗುತ್ತ.

ಡಿಗ್ರಿಯ ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಒಂದು ದಿನ ನನಗೆ ಆ ಸದ್ದು ತಡೆಯಲಾಗಲಿಲ್ಲ. ಪುಸ್ತಕ ನೆಲಕ್ಕೆ ಬಡಿದು, "ಸಾಕ್ ಮಾಡೋ ಅಣ್ಣಾ, ತಲಿ ಸಿಡೀಲಿಕ್ಕೆ ಹತ್ತೇತಿ" ಎಂದು ಒದರಿದೆ. ಯಾವತ್ತೂ ಎದುರು ಜಗಳಾಡುತ್ತಿದ್ದವನು ಅಂದು ಲಾಳಿ ನಿಲ್ಲಿಸಿ, ಗೋಡೆ ಹಿಡಿದುಕೊಂಡು ಎದ್ದು ಹೋಗಿ ಮಲಗಿದ. ಮರುದಿನ ನೋಡಿದರೆ ಕಣ್ಣು ಹಳದಿ. ಕಾಮಣಿ ಎಂದರು, ಬೆಳಗಾವಿಗೆ ಒಯ್ಯಿರಿ ಎಂದರು. ಅಪ್ಪ, ಅವ್ವ ಅಂದೇ ಅವನನ್ನು ಕರೆದೊಯ್ದರು, ಪರೀಕ್ಷೆಗೆಂದು ನಾನು ಮನೆಯಲ್ಲೇ ಉಳಿದೆ. ಹನ್ನೆರಡನೆಯ ದಿನ ಅವನನ್ನು ಬಿಳಿ ಬಟ್ಟೆಯಲ್ಲಿ ತಂದು ಅದೇ ಪಡಸಾಲೆಯಲ್ಲಿ ಇಳಿಸಿದರು. ನನ್ನ ಮಾತಿಗೂ ಅವನ ರೋಗಕ್ಕೂ ಸಂಬಂಧವಿಲ್ಲವೆಂದು ನನಗೇನು ತಿಳಿಯುವುದಿಲ್ಲವೇ? ಆದರೆ ನಾನು ಅವನಿಗೆ ಕಡೆಯದಾಗಿ ಹೇಳಿದ್ದು ಮಗ್ಗ ನಿಲ್ಲಿಸು ಎಂದು. ಅವನು ನಿಲ್ಲಿಸಿದ್ದ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅರ್ಧ ನೇಯ್ದ ಕೆಂಪು ಸೀರೆ ಮಗ್ಗದ ಮೇಲೆಯೇ ಉಳಿಯಿತು. ಕತ್ತರಿಸಲು ಅಪ್ಪನಿಗೆ ಕೈ ಬರಲಿಲ್ಲ. ಒಂದು ಚಾದರ ಹೊದಿಸಿ, ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗತೊಡಗಿದ. ಅವ್ವ ಮಾತು ಬಿಟ್ಟಳು. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಕೆಲವು ಸಲ ರೊಟ್ಟಿ ಬಡಿಯುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿ ಪಡಸಾಲೆಯ ಕಡೆ ಕಿವಿ ಕೊಡುತ್ತಿದ್ದಳು. ನನಗೂ ಅದೇ ಗಳಿಗೆಯಲ್ಲಿ ಏನೋ ಕೇಳಿಸಿದಂತಾಗುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹಕ್ಕಿ ಬಂದ ಮೂರನೆಯ ದಿನ ಅವ್ವ ಪಡಸಾಲೆಯಲ್ಲಿ ಪಂಜರದ ಮುಂದೆ ಕುಳಿತು, ಉಣ್ಣವಲ್ಲಿರಿ ಯಾಕ, ಬಿಸಲಾಗೇತೇನು ಎಂದು ಕೇಳುತ್ತಿದ್ದುದನ್ನು ಬಾಗಿಲ ಮರೆಯಿಂದ ಕೇಳಿದೆ. ಅಷ್ಟು ಉದ್ದ ಮಾತು ಅವಳ ಬಾಯಿಂದ ಬಂದು ತಿಂಗಳುಗಳೇ ಆಗಿದ್ದವು. ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು. ಈ ಹಕ್ಕಿಗಳು ಬದುಕಲೇಬೇಕು ಎಂದು ಹಟ ಹಿಡಿದೆ.

ಆದರೆ ಅವು ನಮ್ಮನ್ನು ನಂಬಲಿಲ್ಲ. ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ಕುಳಿತು, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದವು. ನವಣೆ ಹಾಕಿದರೆ ಮೂಸುತ್ತಿರಲಿಲ್ಲ, ನಾವು ಮಲಗಿದ ಮೇಲೆ ನಾಲ್ಕು ಕಾಳು ಕುಕ್ಕುತ್ತಿದ್ದವೇನೋ. ಕೊತ್ತಂಬರಿ ಹಿಡಿದು ಕೈ ಒಳಗಿಟ್ಟರೆ ಪಂಜರಕ್ಕೆ ತಲೆ ಬಡಿದುಕೊಳ್ಳುತ್ತಿದ್ದವು. ಹೆದರಿವೆ ಪಾಪ, ಸಪ್ಪಳ ಮಾಡಬಾರದು ಎಂದು ನಾವು ಮೂವರೂ ತುದಿಗಾಲಲ್ಲಿ ನಡೆದೆವು. ಅವ್ವ ಕೈಬಳೆಯನ್ನು ಮೇಲಕ್ಕೆ ಸರಿಸಿಕೊಂಡಳು, ಅಪ್ಪ ಕೆಮ್ಮು ಬಂದರೆ ಅಂಗಳಕ್ಕೆ ಹೋದ. ಮೊದಲೇ ಸತ್ತ ಮನೆ, ಇನ್ನಷ್ಟು ಸತ್ತಿತು. ಎಂಟು ದಿನದಲ್ಲಿ ಹಳದಿಯದು ರೆಕ್ಕೆ ಉಬ್ಬಿಸಿಕೊಂಡು ತೂಕಡಿಸಲು ಹತ್ತಿತು. ಅವ್ವ ಅದನ್ನು ನೋಡಿ, "ನಮ್ಮನ್ಯಾಗ ಜೀವ ನಿಲ್ಲಂಗಿಲ್ಲ ಬಿಡು" ಎಂದು ಎದ್ದುಹೋದಳು. ಅಂದು ಅವಳು ಪಂಜರದ ಮುಂದೆ ಮತ್ತೆ ಕೂರಲಿಲ್ಲ.

ಮರುದಿನ ಬೆಳಿಗ್ಗೆಯೇ ನಾನು ಮುರಗೋಡದ ಬಸ್ಸು ಹತ್ತಿದೆ. ಹಕ್ಕಿ ಕೊಟ್ಟವರು ಅಪ್ಪನ ಹಳೆಯ ಪರಿಚಯದ ನೇಕಾರರು. ನಿಮ್ಮ ಹಕ್ಕಿ ನೀವೇ ಇಟ್ಟುಕೊಳ್ಳಿರಿ ಎಂದು ಜಗಳ ತೆಗೆಯುವ ತಯಾರಿಯಲ್ಲೇ ಹೋಗಿದ್ದೆ. ಅವರ ಮನೆಯ ಹೊಸ್ತಿಲು ದಾಟಿದರೆ ನಾಲ್ಕು ಮಗ್ಗದ ಅಬ್ಬರ. ಅದರ ನಡುವೆ, ತೊಲೆಗೆ ತೂಗುಹಾಕಿದ ದೊಡ್ಡ ಪಂಜರದಲ್ಲಿ ಹತ್ತು ಹನ್ನೆರಡು ಹಕ್ಕಿಗಳು, ಮಗ್ಗಕ್ಕೆ ಸೋಲಬಾರದೆಂಬಂತೆ ಒದರುತ್ತಿದ್ದವು. ನಾನು ಎಲ್ಲ ಹೇಳಿದ ಮೇಲೆ ಅವರು ನನ್ನನ್ನೇ ನೋಡಿದರು. ಅಣ್ಣನ ಸುದ್ದಿ ಅವರಿಗೆ ಗೊತ್ತಿತ್ತು, ಮಗ್ಗ ನಿಂತದ್ದು ಗೊತ್ತಿರಲಿಲ್ಲ.

"ಇವು ತತ್ತಿ ಒಡದದ್ದಽ ಈ ಗದ್ದಲದಾಗ, ಯವ್ವಾ. ಸಪ್ಪಳ ನಿಂತ್ರ ಬೆಕ್ಕು ಬಂತಂತ ತಿಳೀತಾವ. ನೀವು ಎಂಟು ದಿನದಿಂದ ಅವಕ್ಕ ಬೆಕ್ಕ ತೋರಿಸಲಿಕ್ಕೆ ಹತ್ತೀರಿ." ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: "ಮಗ್ಗ ನಡಸ್ರಿ."

ಹಿಂತಿರುಗುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ನಿಲ್ಲಿಸು ಎಂದವಳೇ ನಡೆಸಬೇಕಾಗಿತ್ತು.

ಆ ಮಧ್ಯಾಹ್ನ ಚಾದರ ತೆಗೆದೆ. ಧೂಳು ಎದ್ದಿತು. ಕುಣಿಯಲ್ಲಿ ಕಾಲು ಇಳಿಬಿಟ್ಟಾಗ, ಅವನ ಪಾದ ಸವೆಸಿದ ಕಾಲುಮಣೆಯ ತಗ್ಗಿನಲ್ಲಿ ನನ್ನ ಪಾದ ಕುಳಿತಿತು. ಲಾಳಿಯ ಹಗ್ಗ ಜಗ್ಗಿದೆ. ಎಳೆ ಹರಿಯಿತು. ಗಂಟು ಹಾಕಿ ಮತ್ತೆ ಜಗ್ಗಿದೆ. ಖಟ್. ಪಟ್. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಅವ್ವ ಹೊರಗೆ ಬರಲಿಲ್ಲ, ನಾನೂ ತಿರುಗಿ ನೋಡಲಿಲ್ಲ. ಆಮೇಲೆ ರೊಟ್ಟಿ ಬಡಿಯುವುದು ಮತ್ತೆ ಸುರುವಾಯಿತು. ಹಸಿರು ಹಕ್ಕಿ ಕತ್ತು ಉದ್ದ ಮಾಡಿತು. ಕೆಳಗಿಳಿದು ನವಣೆಗೆ ಬಾಯಿ ಹಾಕಿತು.

ದಿನಾ ಮಧ್ಯಾಹ್ನ ನೇಯ್ದೆ. ಸೀರೆಯಲ್ಲಿ ಅಣ್ಣನ ಕೈ ಎಲ್ಲಿ ಮುಗಿದು ನನ್ನದು ಎಲ್ಲಿ ಸುರುವಾಯಿತೆಂಬುದು ಕುರುಡರಿಗೂ ತಿಳಿಯುವಂತಿತ್ತು. ಅವನದು ಬಿಗಿ, ನನ್ನದು ಜಾಳು. ನಾಲ್ಕನೆಯ ದಿನ ಹಳದಿಯದೂ ತಿಂದಿತು. ಆಮೇಲೆ ಪಂಜರದ ಬಾಗಿಲು ತೆರೆದಿಟ್ಟು, ಒಂದು ನವಣೆ ತೆನೆಯನ್ನು ಮಗ್ಗದ ಮೇಲೆ ಕಟ್ಟಿದೆ. ಒಂದೊಂದು ದಿನಕ್ಕೆ ಒಂದೊಂದು ಗೇಣು ಹತ್ತಿರ ಬಂದವು. ಎರಡು ವಾರ ಕಳೆದ ಮೇಲೆ ಹಸಿರು ಹಕ್ಕಿ ನೇರ ನನ್ನ ಹೆಗಲ ಮೇಲೆ ಬಂದು ಕುಳಿತು, ಕಿವಿಯ ಓಲೆಯನ್ನು ಮೆಲ್ಲಗೆ ಕಚ್ಚಿ ನೋಡಿತು. ಎಂಥ ಖುಷಿಯಾಯಿತೆಂದರೆ ಉಸಿರು ಬಿಡಲೂ ಹೆದರಿದೆ. ಕೈ ಮಾತ್ರ ನಿಲ್ಲಿಸಲಿಲ್ಲ.

ಆಗಲೇ ಅವ್ವ ಕೂಗಿದಳು. ಮೊದಲಿನದೇ ದನಿ, ಏನೂ ಆಗಿಯೇ ಇಲ್ಲವೆಂಬಷ್ಟು ಸಲೀಸು.

"ಏಳಪಾ, ರೊಟ್ಟಿ ಆರತಾವು."

ಅವ್ವ ನನ್ನನ್ನು ಕರೆದಿರಲಿಲ್ಲ. ಉತ್ತರ ಕೊಟ್ಟರೆ ನನ್ನ ದನಿ ಕೇಳಿಸುತ್ತದೆ. ಕೈ ನಿಲ್ಲಿಸಿದರೆ ಅವಳು ಬಾಗಿಲಿಗೆ ಬರುತ್ತಾಳೆ, ಬಂದರೆ ಕುಣಿಯಲ್ಲಿ ಅವಳಿಗೆ ಕಾಣುವವಳು ನಾನು. ಹಕ್ಕಿ ಹೆಗಲ ಮೇಲೆ ಕಣ್ಣು ಮುಚ್ಚಿ ನಿದ್ದೆಗೆ ಜಾರಿತ್ತು. ಒಳಗೆ ಅವ್ವ ತಾಟು ಇಟ್ಟ ಸದ್ದು ಕೇಳಿಸಿತು. ರೊಟ್ಟಿ ಪೂರಾ ಆರಿಹೋಗುವವರೆಗೂ ನಾನು ಹಗ್ಗ ಜಗ್ಗುತ್ತಲೇ ಇದ್ದೆ.