ಒಂದೇ ಸಾಲಲ್ಲಿ ಹೇಳು

ಕುಶಾಲನಗರದ ನಮ್ಮ ಮನೆಯಲ್ಲಿ ಕೂತು ನಾನು ಮಾಡುತ್ತಿದ್ದ ಕೆಲಸವನ್ನು ಅಪ್ಪ ಬಂದವರಿಗೆಲ್ಲ ಹೀಗೆ ವಿವರಿಸುತ್ತಿದ್ದರು: "ನಮ್ಮ ಹುಡ್ಗಿ ಡಾಕ್ಟ್ರುಗಳಿಗೆ ಪೇಪರ್ ಹಾಕ್ತಾಳೆ, ಫೋನಲ್ಲಿ." ತಪ್ಪೇನಿಲ್ಲ. ಪುರುಸೊತ್ತಿಲ್ಲದ ತಜ್ಞ ವೈದ್ಯರಿಗೆಂದೇ ಒಂದು ಸುದ್ದಿ ಆ್ಯಪ್. ಹೊಸ ಔಷಧಿ, ಹಿಂದಕ್ಕೆ ಪಡೆದ ಔಷಧಿ, ಹೊಸ ಚಿಕಿತ್ಸೆ, ಇಂಥವು. ಅದು ಹೇಗೆ ಕಾಣಬೇಕು, ಹೇಗೆ ತೆರೆಯಬೇಕು ಎನ್ನುವುದು ನನ್ನ ಪಾಲಿನ ಕೆಲಸ.

ಪ್ರತಿ ಗುರುವಾರ ಮೈಸೂರಿನಿಂದ ನಮ್ಮೂರ ಕ್ಲಿನಿಕ್ಕಿಗೆ ಬರುವ ನರರೋಗ ತಜ್ಞರೊಬ್ಬರು ಅದನ್ನು ಬಳಸಿ ನೋಡಲು ಒಪ್ಪಿದ್ದರು. ಅವರ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು ಗಮನಿಸಿದೆ. ಒಬ್ಬ ರೋಗಿ ಹೊರಗೆ ಬಂದು ಚಪ್ಪಲಿ ಹುಡುಕುವಷ್ಟರಲ್ಲಿ ಇನ್ನೊಬ್ಬರು ಒಳಗೆ. ಓದಲು ಸಿಗುವುದು ಅಷ್ಟೇ ಹೊತ್ತು. ಹಾಗಾಗಿ ಪ್ರತಿ ಸುದ್ದಿಗೂ ಒಂದೇ ಸಾಲು ಎಂದು ನಿಯಮ ಮಾಡಿದೆ. "ಸುದ್ದಿ ಬಂದಿದ್ದೇ ಗೊತ್ತಾಗಲ್ಲಮ್ಮ," ಎಂದು ಡಾಕ್ಟರು ದೂರಿದಾಗ ಫೋನು ಎರಡು ಸಲ ಗುರ್ ಗುರ್ ಎನ್ನುವಂತೆ ಮಾಡಿದೆ. ಬೇಡವಾದರೆ ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳಿದರಾಯಿತು, ಸುದ್ದಿ ಮಾಯ. ಈ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಆಮೇಲೊಂದು ವಾರ ಅಪ್ಪನ ಬಲಗೈ ಆಗಾಗ ಜೋಮು ಹಿಡಿಯತೊಡಗಿತು. ಅದೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅಪ್ಪ ಯಾವುದನ್ನೂ ಬುಡದಿಂದಲೇ ಹೇಳುವ ಮನುಷ್ಯ. ನೆಗಡಿಯ ಕತೆಯನ್ನೂ ತಾತ ಹಾಸನದ ಕಡೆಯಿಂದ ಇಲ್ಲಿಗೆ ಬಂದು ಜಮೀನು ಮಾಡಿದಲ್ಲಿಂದ ಶುರುಮಾಡುತ್ತಾರೆ. ದಾರಿಯುದ್ದಕ್ಕೂ ಪಾಠ ಹೇಳಿದೆ: "ಅಪ್ಪ, ಅವ್ರಿಗೆ ಟೈಮಿರಲ್ಲ. ಒಂದೇ ಸಾಲಲ್ಲಿ ಹೇಳು."

"ಶುಂಠಿ ಪಾತಿಗೆ ಮಣ್ಣು ಏರಿಸ್ತಿದ್ದೆ ಸಾರ್, ಗುದ್ದಲಿ ಕೈಯಿಂದ ಜಾರ್ತು. ಆಗ..." ಎನ್ನುವಷ್ಟರಲ್ಲಿ ಮೇಜಿನ ಮೇಲಿನ ಫೋನು ಗುರ್ ಗುರ್ ಎಂದಿತು. ನನ್ನದೇ ಸದ್ದು. ಡಾಕ್ಟರ ಕಣ್ಣು ಅತ್ತ ಹೋಯಿತು, ಅಪ್ಪನ ಮಾತು ಅಲ್ಲೇ ನಿಂತಿತು. ದೊಡ್ಡವರು ಇನ್ನೇನೋ ನೋಡುತ್ತಿರುವಾಗ ಮಾತಾಡಬಾರದು ಎಂಬ ಮರ್ಯಾದೆ ಅಪ್ಪನದು. "ನೋಡ್ಕಳಿ ಸಾರ್, ಅರ್ಜೆಂಟಿರ್ಬೋದು," ಎಂದರು.

ಡಾಕ್ಟರು ಒಂದು ಸಾಲು ಓದಿ ತಲೆಯೆತ್ತಿದರು. "ಹಾಂ, ಗುದ್ದಲಿ ಜಾರ್ತು. ಇನ್ನೇನಾದ್ರೂ ಇದ್ಯಾ?"

ಅಪ್ಪ ನನ್ನ ಮುಖ ನೋಡಿದರು. "ಇಲ್ಲ ಸಾರ್, ಅಷ್ಟೇಯ."

ಡಾಕ್ಟರು ಕೈ ಒತ್ತಿ ನೋಡಿ, ಕತ್ತಿನ ನರ ಒತ್ತಿರಬೇಕು ಎಂದು ಮಾತ್ರೆ ಬರೆದರು. ನಾವೇ ಅಂದಿನ ಕೊನೆಯವರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ನನಗೆ ಆ ಅರ್ಧಕ್ಕೆ ನಿಂತ ಮಾತು ನೆನಪಾಯಿತು. "ಆಗ ಏನಾಯ್ತಪ್ಪ?"

"ಗುದ್ದಲಿ ಎತ್ಕೊಡು ಅಂತ ನಿಮ್ಮವ್ವನ್ನ ಕೂಗಕ್ಕೋದೆ ಕಣವ್ವ. ಬಾಯಿ ಆಡ್ತದೆ, ಮಾತು ಬರಾಕಿಲ್ಲ. ಒಂದು ಬೀಡಿ ಸೇದೋವಷ್ಟು ಹೊತ್ತು ಹಂಗೇ ನಿಂತಿದ್ದೆ."

ಕಾಫಿ ಲೋಟ ಕೆಳಗಿಟ್ಟೆ. ಮೆದುಳಿಗೆ ರಕ್ತ ನಿಲ್ಲುವ ಮುನ್ಸೂಚನೆ ಹೀಗೇ ಇರುತ್ತದೆಂದು ಆ ಸುದ್ದಿಗಳನ್ನು ಜೋಡಿಸಿ ಜೋಡಿಸಿ ನನಗೂ ಗೊತ್ತಿತ್ತು. "ಇದನ್ನ ಯಾಕೆ ಹೇಳ್ಲಿಲ್ಲ?"

"ನೀನೇ ಬ್ಯಾಡ ಅಂದ್ಯಲ್ಲ."

ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರ ಕಾರು ಹೊರಟುಹೋಗಿತ್ತು. ಫೋನು ಮಾಡಿದರೆ ಅವರು ಎತ್ತಲಿಲ್ಲ. ಆ್ಯಪನ್ನು ಪರೀಕ್ಷಿಸಲು ಅವರೊಬ್ಬರಿಗೇ ಸುದ್ದಿ ಕಳಿಸುವ ದಾರಿ ನನ್ನ ಬಳಿ ಇತ್ತು. 'ಈಗ ನೋಡಿದ ಶುಂಠಿ ರೈತರಿಗೆ ಮಾತೂ ನಿಂತಿತ್ತು, ದಯವಿಟ್ಟು ಫೋನ್ ಮಾಡಿ' ಎಂದು ಒಂದೇ ಸಾಲು ಬರೆದು ಕಳಿಸಿದೆ. 'ತಲುಪಿದೆ' ಎಂದು ತೋರಿಸಿತು. ಸ್ವಲ್ಪ ಹೊತ್ತಿನ ಮೇಲೆ 'ಪಕ್ಕಕ್ಕೆ ತಳ್ಳಲಾಗಿದೆ' ಎಂದು ತೋರಿಸಿತು. ಯಾರನ್ನು ಬೈಯಲಿ? ಬೀದಿಯಲ್ಲಿ ನಿಂತು ಅತ್ತೆ.

ಅಪ್ಪನನ್ನು ಮೈಸೂರಿನ ಬಸ್ಸಿಗೆ ಹತ್ತಿಸಿ ನಾನೂ ಪಕ್ಕದಲ್ಲಿ ಕೂತೆ. ಬೈಲುಕುಪ್ಪೆ ದಾಟಿದ ಮೇಲೆ ಅವರು ಕೇಳಿದರು: "ಅಲ್ಲಿ ಆಸ್ಪತ್ರೇಲಿ ಏನಂತ ಹೇಳ್ಲಿ? ಒಂದೇ ಸಾಲಲ್ಲಿ ಬರ್ಕೊಡವ್ವ."

"ಮೊದಲಿಂದ ಹೇಳಪ್ಪ, ಎಲ್ಲಾನೂ," ಎಂದೆ. "ಈಗ ನಂಗೊಂದ್ಸಲ ಹೇಳು."

ಅಪ್ಪ ಬಾಯಿ ತೆರೆದರು. ಆಮೇಲೆ ನನ್ನ ಕೈಯಲ್ಲಿದ್ದ ಫೋನು ನೋಡಿದರು.

"ಬ್ಯಾಡ ಬುಡು, ಅವ್ರಿಗೆ ಟೈಮಿರಲ್ಲ," ಎಂದು ಕಿಟಕಿಯ ಕಡೆ ತಿರುಗಿದರು.