ಕುಕ್ಕುರುಗಾಲಿನ ದೊಡ್ಡವ್ವ

ಹೊಸಹೊಳಲಿನ ನಮ್ಮ ದೊಡ್ಡವ್ವನ ಬದುಕೆಲ್ಲ ಕುಕ್ಕುರುಗಾಲಲ್ಲೇ ನಡೆಯುತ್ತಿತ್ತು. ಹಾಲು ಕರೆಯುವುದು, ಮುದ್ದೆ ತೊಳಸುವುದು, ಕಳೆ ಕೀಳುವುದು, ಕೊನೆಗೆ ಜಗಳ ಆಡುವುದೂ ಹಾಗೇ ಕೂತು. ನಾನು ಕೆ.ಆರ್.ಪೇಟೆಯಲ್ಲಿ ಶಾಲೆಯ ಟೀಚರು. "ಕುರ್ಚಿ ಮ್ಯಾಲೆ ಕುಂತೋರು ಸೋಮಾರಿಗಳಾಯ್ತಾರೆ ಕಣವ್ವ" ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಳು.

ತೊಂಬತ್ತೈದೋ ತೊಂಬತ್ತಾರೋ ಇಸವಿ ಇರಬೇಕು, ಕೊಟ್ಟಿಗೆಯ ಗಂಜಲದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಮೈಸೂರಿನಲ್ಲಿ ಆಪರೇಷನ್ ಮಾಡಿ ಕೀಲಿಗೆ ಉಕ್ಕಿನ ಗುಂಡು ಕೂರಿಸಿದರು. ವಾಕರ್ ಕೊಟ್ಟು ನಡೆಸಿದ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಯಾವತ್ತೂ ಕುಕ್ಕುರುಗಾಲಲ್ಲಿ ಕೂರಬಾರದು, ಕೀಲು ತಪ್ಪುತ್ತದೆ ಎಂದರು. ದೊಡ್ಡವ್ವನ ಮುಖ ನೋಡಿ ನನಗೆ ಬಾಯಿ ಬರಲಿಲ್ಲ. ಸದ್ಯಕ್ಕೆ ಕೂರಬೇಡವಂತೆ ಎಂದುಬಿಟ್ಟೆ. ಎಂಥ ಹಾಳು ಬುದ್ಧಿ ನನ್ನದು!

ಆ ಮಾತು ನಂಬಿಕೊಂಡು ಅವಳು ಪಟ್ಟ ಪಾಡು ಹೇಳತೀರದು. ಹಲ್ಲು ಕಚ್ಚಿಕೊಂಡು ದಿನಕ್ಕೆ ಮೂರು ಸಲ ಮಲಗಿ ಕಾಲೆತ್ತುವಳು. ಎರಡು ತಿಂಗಳಿಗೆ ವಾಕರ್ ಬಿಟ್ಟು ಕೋಲು ಹಿಡಿದಳು, ನಾಲ್ಕನೆಯ ತಿಂಗಳು ಒಬ್ಬಳೇ ಡೈರಿಗೆ ಹೋಗಿ ಬಂದಳು. ಊರೆಲ್ಲ ಶಹಬ್ಬಾಸ್ ಅಂದಿತು. ಅವಳಿಗೆ ಅದು ಲೆಕ್ಕಕ್ಕೇ ಇಲ್ಲ. ಸೊಸೆ ಹಾಲು ಕರೆಯಲು ಕೂತರೆ ಹಸು ಒದೆಯುತ್ತಿತ್ತು, ತಾನು ಮತ್ತೆ ಅದರ ಕೆಚ್ಚಲ ಹತ್ತಿರ ಕೂರಬೇಕು, ಅಷ್ಟೇ.

ಒಂದು ಸಂಜೆ ನನ್ನನ್ನು ಕೊಟ್ಟಿಗೆಗೆ ಕರೆದು, "ಇವತ್ತು ಕುಂತ್ಕತೀನಿ, ರಟ್ಟೆ ಹಿಡ್ಕೊ" ಎಂದಳು. ಬೇಡ ಬೇಡ ಅನ್ನುವಷ್ಟರಲ್ಲಿ ಬಗ್ಗಿಯಾಗಿತ್ತು. ಅರ್ಧಕ್ಕೆ ಸಿಕ್ಕಿಕೊಂಡಳು. ಕೆಳಗೆ ಇಳಿಯಲಾರಳು, ಮೇಲೆ ಏಳಲಾರಳು. ಎತ್ತಲು ನನಗೆ ಕಸುವಿಲ್ಲ, ಬಿಡಲು ಧೈರ್ಯವಿಲ್ಲ. ಡಾಕ್ಟರು ಯಾವತ್ತೂ ಕೂರಬಾರದು ಅಂದಿದ್ದರು ದೊಡ್ಡವ್ವ, ನಾನೇ ಸುಳ್ಳು ಹೇಳಿದೆ ಎಂದು ಅತ್ತುಬಿಟ್ಟೆ. ಸೊಸೆ ಓಡಿಬಂದು ಎತ್ತಿ ನಿಲ್ಲಿಸಿದಳು. ದೊಡ್ಡವ್ವ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹಸುವನ್ನು ದೇವಲಾಪುರದ ಮಗಳ ಮನೆಗೆ ಕಳಿಸಿಕೊಟ್ಟಳು. ಆಮೇಲೆ ಎರಡು ವರ್ಷ ಇದ್ದಳು. ಕಡೆಯ ಸಲ ನೋಡಿದಾಗ ಅಂಗಳದಲ್ಲಿ ಕೋಲೂರಿ ನಿಂತಿದ್ದಳು, ನನ್ನನ್ನು ಕಂಡು ನಾಲ್ಕು ಹೆಜ್ಜೆ ಎದುರಿಗೆ ಬಂದಳು. ಎಷ್ಟು ಚೆನ್ನಾಗಿ ನಡೀತೀಯಲ್ಲ ದೊಡ್ಡವ್ವ ಎಂದೆ.

"ನಡೀತೀನಿ ಮಗ" ಎಂದಳು. "ನಡ್ಕಂಡು ಎಲ್ಲಿಗೋಗ್ಲಿ? ನನ್ ಕೆಲ್ಸೆಲ್ಲ ನೆಲದ್ಮೇಲೇ ಇತ್ತು."